ಆಕಾಶದ ಕಸಕ್ಕೆ ಬೋನು

ಸಿದ್ದೇಶನ ಬಳಿ ದೂರದರ್ಶಕ ಇರಲಿಲ್ಲ. ಇದನ್ನು ಅವನು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಇದ್ದದ್ದು ಒಂದು ಮೊಬೈಲು, ಮದುವೆ ಫೋಟೋ ತೆಗೆಯುವವನಿಂದ ಕೊಂಡ ಒಂದು ಕಾಲು ಸಡಿಲವಾದ ಸ್ಟ್ಯಾಂಡು, ಬಿಸಿಯಾದರೆ ತಾನಾಗಿ ಆರಿಹೋಗುವ ಲ್ಯಾಪ್‌ಟಾಪು. ಇಷ್ಟನ್ನು ಇಟ್ಟುಕೊಂಡು ಅವನು ಭೂಮಿಯನ್ನು ಸುತ್ತುವ ಬಾಹ್ಯಾಕಾಶದ ಕಸವನ್ನು ಪತ್ತೆ ಮಾಡಲು ಹೊರಟಿದ್ದ.

ವಯಸ್ಸು ಇಪ್ಪತ್ತೊಂಬತ್ತು. ಊರು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ. ಕೆಲಸ ಭಾರತೀನಗರದ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಪಾಠವಿದ್ದ ದಿನ ಬರಬೇಕು, ಕುರ್ಚಿ ಖಾಲಿಯಿದ್ದರೆ ಕೂರಬೇಕು. ಮೂರು ವರ್ಷದಿಂದ ಅವನು ಅತಿಥಿಯಾಗಿಯೇ ಉಳಿದಿದ್ದ. ಡಿಸೆಂಬರಿನಲ್ಲಿ ಪ್ರಿನ್ಸಿಪಾಲ್ ರಘುನಂದನ್ ನಾಲ್ಕು ಜನ ಅತಿಥಿಗಳನ್ನು ವರಾಂಡದಲ್ಲಿ ನಿಲ್ಲಿಸಿಕೊಂಡು, "ಒಂದೇ ಒಂದು ಖಾಯಂ ಪೋಸ್ಟ್ ಇದೆ. ಎಐನಲ್ಲಿ ಏನಾದರೂ ಮಾಡಿ ಕಾಲೇಜಿನ ಹೆಸರು ಪೇಪರ್‌ನಲ್ಲಿ ಬರೋ ಹಾಗೆ ಮಾಡಿ. ಯಾರದು ಬರುತ್ತೋ ಅವರ ಪರವಾಗಿ ಕಮಿಟಿ ಮುಂದೆ ಮಾತಾಡ್ತೀನಿ" ಎಂದಿದ್ದರು. ಉಳಿದ ಮೂವರು ಅಂದೇ ಸಂಜೆಯೊಳಗೆ ಟೊಮೆಟೊ ರೋಗ, ಮುಖ ನೋಡಿ ಹಾಜರಿ ಹಾಕುವುದು, ಕಬ್ಬಿನ ಇಳುವರಿ ಇಷ್ಟನ್ನೂ ಹಂಚಿಕೊಂಡುಬಿಟ್ಟರು. ಭೂಮಿಯ ಮೇಲೆ ಸಿದ್ದೇಶನಿಗೆ ಜಾಗ ಉಳಿಯಲಿಲ್ಲ. ಅವನು ಆಕಾಶಕ್ಕೆ ಹೋದ.

ಒಡೆದ ರಾಕೆಟ್ಟಿನ ಚೂರು, ಸತ್ತ ಉಪಗ್ರಹ, ಕಳಚಿದ ಬೋಲ್ಟು ಎಲ್ಲವೂ ಮೇಲೆ ಸುತ್ತುತ್ತಲೇ ಇರುತ್ತವೆ. ಸೂರ್ಯ ಮುಳುಗಿದ ಮೇಲೂ ಸ್ವಲ್ಪ ಹೊತ್ತು ಅವುಗಳ ಮೇಲೆ ಬಿಸಿಲು ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾವನ್ನು ಹತ್ತು ಸೆಕೆಂಡು ತೆರೆದಿಟ್ಟರೆ ನಕ್ಷತ್ರ ಚುಕ್ಕಿಯಾಗಿಯೂ, ಓಡುವ ವಸ್ತು ತೆಳ್ಳನೆಯ ಗೆರೆಯಾಗಿಯೂ ಚಿತ್ರದಲ್ಲಿ ಮೂಡುತ್ತದೆ. ಗೆರೆ ಯಾವುದೆಂದು ಕಂಪ್ಯೂಟರಿಗೆ ಕಲಿಸಬೇಕು. ಕಲಿಸುವುದೆಂದರೆ ಮನುಷ್ಯರು ಸಾವಿರಾರು ಚಿತ್ರ ನೋಡಿ, ಒಂದೊಂದಕ್ಕೂ 'ಇದೆ' ಅಥವಾ 'ಇಲ್ಲ' ಎಂದು ಗುರುತು ಹಾಕಿ ಕೊಡುವುದು. ಗುರುತು ಹಾಕಿದವರ ಬುದ್ಧಿ ಎಷ್ಟೋ ಕಂಪ್ಯೂಟರಿನ ಬುದ್ಧಿಯೂ ಅಷ್ಟೇ. ಈ ಮಾತನ್ನು ಸಿದ್ದೇಶ ಪ್ರತಿ ವರ್ಷ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆಯುತ್ತಿದ್ದ.

ಇಂಟರ್‌ನೆಟ್ಟಿನಿಂದ ಇಳಿಸಿಕೊಂಡದ್ದೂ ತಾನು ತೆಗೆದದ್ದೂ ಸೇರಿ ಒಂಬತ್ತು ಸಾವಿರ ಚಿತ್ರಗಳಾದವು. ಅಷ್ಟನ್ನು ಒಬ್ಬನೇ ನೋಡಿದರೆ ಕಣ್ಣು ಹೋಗುತ್ತದೆ. ಅವನ ತಾಯಿ ಚಿಕ್ಕಮಾದಮ್ಮ ಹೆಂಗಸರ ಸಂಘದ ಅಧ್ಯಕ್ಷೆ. ಸಂಘದಲ್ಲಿ ಹನ್ನೊಂದು ಜನ. ಹನ್ನೊಂದು ಮನೆಯಲ್ಲೂ ಮೊಬೈಲು. ಹೊಲದ ಕೆಲಸ ಮುಗಿಸಿ, ಕೈಕಾಲು ತೊಳೆದು, ದೀಪ ಹಚ್ಚಿ, ಸಂಜೆ ಆರಕ್ಕೆ ಎಲ್ಲರೂ ಚಿಕ್ಕಮಾದಮ್ಮನ ಜಗಲಿಗೆ ಬಂದರು.

"ಒಂದೊಂದೇ ಚಿತ್ರ ಬತ್ತದೆ. ಗೆರೆ ಕಂಡ್ರೆ 'ಇದೆ' ಒತ್ತಿ. ಕಾಣ್ದಿದ್ರೆ 'ಇಲ್ಲ' ಒತ್ತಿ. ಇಷ್ಟೇಯ" ಎಂದು ಹೇಳಿ ಸಿದ್ದೇಶ ಆ ದಿನದ ಫೋಟೋ ತೆಗೆಯಲು ಮಾಳಿಗೆ ಹತ್ತಿದ.

ಪಕ್ಕದ ಮನೆಯ ಮುದ್ದಮ್ಮ ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು. ಮೊದಲ ಚಿತ್ರವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಇದ್ರಾಗೆ ಬರೀ ಕತ್ಲೆ ಅಲ್ವೇನೇ ಚಿಕ್ಕಮಾದಿ?"

"ಅಂಗಾರೆ ಇಲ್ಲ ಅಂತ ಒತ್ತಕ್ಕ."

"ಏನಂದೆ? ದೀಪ ಅಚ್ಚಿರೋ ವತ್ನಲ್ಲಿ ಬಾಗ್ಲಲ್ಲಿ ಕುಂತ್ಕಂಡು ಇಲ್ಲ ಅಂತ ಒತ್ಲಾ? ಮನೇಲಿ ಉಪ್ಪು ಮುಗುದ್ರೂ ನಮ್ಮತ್ತೆ 'ಉಪ್ಪು ಎಚ್ಚಾಯ್ತು' ಅನ್ನೋರು ಕಣೇ. ಈ ವತ್ನಲ್ಲಿ ಸಾವ್ರ ಸಲ ಇಲ್ಲ ಇಲ್ಲ ಅಂತ ಒತ್ತುದ್ರೆ ಮನೇಲಿ ಏನುಳುದಾದು?"

ಹತ್ತು ಜನರ ಬೆರಳೂ ನಿಂತವು. ಮಾತಿನಲ್ಲಿ ನ್ಯಾಯವಿತ್ತು. ಅಧ್ಯಕ್ಷೆಯಾದ ಚಿಕ್ಕಮಾದಮ್ಮ ಯೋಚಿಸಿ ತೀರ್ಮಾನ ಕೊಟ್ಟಳು: "ಎಲ್ಲಾನೂ ಇದೆ ಅಂತ್ಲೇ ಒತ್ಬುಡಿ. ಐಕ್ಳು ಕಷ್ಟಪಟ್ಟು ಮಾಡಿರೋ ಕೆಲ್ಸ, ಇದೆ ಅಂದ್ರೆ ಅವ್ನಿಗೂ ಒಳ್ಳೇದೇಯ."

ತೀರ್ಮಾನ ಸರ್ವಾನುಮತದಿಂದ ಪಾಸಾಯಿತು. ಆರು ಸಂಜೆ ಹೀಗೆ ನಡೆಯಿತು. ಒಂಬತ್ತು ಸಾವಿರದಲ್ಲಿ ಎಂಟು ಸಾವಿರದ ಒಂಬೈನೂರ ಎಂಬತ್ತೆರಡು 'ಇದೆ', ಹದಿನೆಂಟು 'ಇಲ್ಲ'. ಆ ಹದಿನೆಂಟೂ ಮುದ್ದಮ್ಮನ ಹೆಬ್ಬೆರಳು ಜಾರಿ ಆದದ್ದು. ಜಾರಿದಾಗಲೆಲ್ಲ ಅವಳು ಕೆನ್ನೆ ಬಡಿದುಕೊಂಡಿದ್ದಳು.

ಸಿದ್ದೇಶ ಗುರುತುಗಳನ್ನು ತೆಗೆದು ನೋಡಲಿಲ್ಲ. ಹಾಗೇ ಕಂಪ್ಯೂಟರಿಗೆ ಉಣಿಸಿದ. ಕಲಿತದ್ದು ಸರಿಯೇ ಎಂದು ಪರೀಕ್ಷಿಸಲು ಒಂದಷ್ಟು ಚಿತ್ರ ಬೇರೆ ಇಟ್ಟಿದ್ದ. ಅವಕ್ಕೂ ಗುರುತು ಹಾಕಿದವರು ಅದೇ ಹೆಂಗಸರು. ಫಲಿತಾಂಶ ಬಂತು: ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಎಂಟು ಸರಿ. ಇಷ್ಟು ಅಂಕ ಅವನು ಜೀವನದಲ್ಲಿ ಯಾವುದರಲ್ಲೂ ಪಡೆದಿರಲಿಲ್ಲ. ಆರು ಸಂಜೆ ಮಾಳಿಗೆಯ ಮೇಲೆ ತೆಗೆದ ಚಿತ್ರ ಸಾವಿರದ ನೂರ ನಲವತ್ತು. ಅವನ್ನೂ ಕೊಟ್ಟ. ಸಾವಿರದ ನೂರ ನಲವತ್ತರಲ್ಲೂ ಕಸ ಇದೆ ಎಂದಿತು. ಸಿದ್ದೇಶ ಎರಡು ಸಲ ಎಗರಿದ.

"ಮೇಲೆ ಏನ್ಲಾ ಅದು ಕುಣ್ತ? ಮಾಳ್ಗೆ ಇಳ್ದಾದು!" ಕೆಳಗಿನಿಂದ ಅವನ ತಂದೆ ಮರಿಸಿದ್ದಯ್ಯ ಕೂಗಿದ.

ಮರಿಸಿದ್ದಯ್ಯನ ತಲೆಯಲ್ಲಿದ್ದದ್ದು ಒಂದೇ. ಒಂದೂವರೆ ಎಕರೆ ಕಬ್ಬು. ಹದಿನಾಲ್ಕು ತಿಂಗಳಾಗಿ ಆಗಲೇ ಹೂವು ಬಿಡಲು ಶುರುವಾಗಿತ್ತು. ತೂಗಿದರೆ ಅರವತ್ತು ಟನ್ನಿಗೆ ಮೋಸವಿಲ್ಲ. ಸಕ್ಕರೆ ಕಾರ್ಖಾನೆಯ ಕಟಾವು ಸರದಿ ಬುಧ, ಗುರು, ಶುಕ್ರ ಮೂರು ದಿನಕ್ಕೆ ಸಿಕ್ಕಿತ್ತು. ಶನಿವಾರ ಮಧ್ಯಾಹ್ನ ಕಾರ್ಖಾನೆ ಆ ವರ್ಷದ ಅರೆಯುವಿಕೆ ನಿಲ್ಲಿಸುತ್ತದೆ. ಆಮೇಲೆ ಗದ್ದೆಯಲ್ಲಿ ನಿಂತದ್ದು ಕಬ್ಬಲ್ಲ, ಸೌದೆ.

"ನಾಳಿದ್ದಿಂದ ಕಡಿಯೋ ಗ್ಯಾಂಗು ಬತ್ತದೆ. ಮೂರು ದಿನ ರಜ ಆಕು. ಲೋಡು ಎಣ್ಸಾಕೆ ಒಬ್ರು ಬೇಕು."

"ಆಗಲ್ಲಪ್ಪ. ನಮ್ಮೂರ ಮೇಲೆ ಏನೇನವೆ ಅಂತ ನಿಂಗೊತ್ತಿಲ್ಲ."

"ನಮ್ಮೂರ ಮೇಲೆ ಏನಾರ ಇರ್ಲಿ. ನಮ್ಮೂರ ಒಳ್ಗೆ ಕಬ್ಬದೆ."

ಮಂಗಳವಾರ ಬೆಳಗ್ಗೆ ಸಿದ್ದೇಶ ಪ್ರಿನ್ಸಿಪಾಲರ ಕೋಣೆಯಲ್ಲಿದ್ದ. ರಘುನಂದನ್ ಕನ್ನಡಕ ತೆಗೆದರು. "ಎಷ್ಟು ಅಂದ್ರಿ?"

"ಸಾವಿರದ ನೂರ ನಲವತ್ತು ಸಾರ್. ಪೂರಿಗಾಲಿ ಒಂದರ ಮೇಲೇ."

"ಬೀಳ್ತವಾ?"

ಇಲ್ಲಿ ಸಿದ್ದೇಶ 'ಗೊತ್ತಿಲ್ಲ ಸಾರ್' ಎನ್ನಬಹುದಿತ್ತು. ಎರಡು ಪದ, ಖರ್ಚಿಲ್ಲ. ಆದರೆ ಮೂರು ವರ್ಷದಲ್ಲಿ ಮೊದಲ ಬಾರಿಗೆ ಪ್ರಿನ್ಸಿಪಾಲರು ಅವನಿಗೆ ಕುರ್ಚಿ ತೋರಿಸಿದ್ದರು. ಕುಳಿತವನು ಹೇಳಿದ: "ಇಷ್ಟೊಂದು ಇದ್ದ ಮೇಲೆ ಬೀಳದೆ ಇರೋಕಾಗುತ್ತಾ ಸಾರ್?"

ರಘುನಂದನ್ ಅಷ್ಟನ್ನೂ ಬರೆದುಕೊಂಡರು. ಬುಧವಾರ ಬೆಳಗ್ಗೆ ಮಂಡ್ಯದ ಒಂದು ಪತ್ರಿಕೆಯಲ್ಲಿ ಬಂತು: 'ಪೂರಿಗಾಲಿ ಮೇಲೆ 1,140 ಬಾಹ್ಯಾಕಾಶ ತುಂಡು. ಬೀಳುವುದು ಖಚಿತ: ತಜ್ಞ.' ಜೊತೆಗೆ ಫೋಟೋ. ಫೋಟೋದಲ್ಲಿ ತಜ್ಞನ ಅರ್ಧ ಮುಖ ಇತ್ತು, ಪ್ರಿನ್ಸಿಪಾಲರ ಮುಖ ಪೂರ್ತಿ ಇತ್ತು.

ಅದೇ ಹೊತ್ತಿಗೆ ಮರಿಸಿದ್ದಯ್ಯನ ಗದ್ದೆಗೆ ಹನೂರು ಕಡೆಯ ಹದಿನೆಂಟು ಜನರ ಗ್ಯಾಂಗು ಇಳಿದಿತ್ತು. ಮೇಸ್ತ್ರಿ ಚಿಕ್ಕಮಾದು ಮಾತು ಕಡಿಮೆ ಆಡುವ, ಮಚ್ಚು ಜಾಸ್ತಿ ಆಡಿಸುವ ಮನುಷ್ಯ. ಮಧ್ಯಾಹ್ನದ ಊಟದೊಳಗೆ ಹನ್ನೊಂದು ಟನ್ ಕಡಿದು ಟ್ರ್ಯಾಕ್ಟರಿಗೆ ಹೇರಿ ಕಳಿಸಿದ್ದರು.

ಮಳವಳ್ಳಿಯಲ್ಲಿ ಒಂದು ಕಚೇರಿ ಇದೆ. ಯಾವುದೆಂದು ಹೇಳದಿದ್ದರೂ ನಡೆಯುತ್ತದೆ. ಅಲ್ಲಿ ದೊಡ್ಡಸಿದ್ದಯ್ಯ ಎಂಬ ಗುಮಾಸ್ತರು. ಆರು ತಿಂಗಳಲ್ಲಿ ನಿವೃತ್ತಿ. ಅಂದು ಬೆಳಗ್ಗೆ ಹತ್ತಕ್ಕೆ ಮೇಲಿನಿಂದ ಫೋನು ಬಂತು: ಪತ್ರಿಕೆಯಲ್ಲಿ ಬಂದ ವಿಷಯಕ್ಕೆ ಏನು ಕ್ರಮ ತೆಗೆದುಕೊಂಡಿರಿ, ಒಂದು ಗಂಟೆಯೊಳಗೆ ವರದಿ ಕೊಡಿ.

ದೊಡ್ಡಸಿದ್ದಯ್ಯ ಬೀರು ತೆಗೆದರು. ಒಳಗೆ ನಾಲ್ಕು ಬಗೆಯ ಪ್ರಕಟಣೆಯ ನಮೂನೆಗಳಿದ್ದವು: ಪ್ರವಾಹ, ಆಲಿಕಲ್ಲು, ಕಾಲುಬಾಯಿ ಜ್ವರ, ಚಿರತೆ. ಬಾಹ್ಯಾಕಾಶದ್ದು ಇರಲಿಲ್ಲ. ಅವರು ಒಂದೊಂದನ್ನೂ ತೂಗಿ ನೋಡಿದರು. ಪ್ರವಾಹ ಕೆಳಗಿನಿಂದ ಬರುತ್ತದೆ, ಆಗದು. ಆಲಿಕಲ್ಲು ಮೇಲಿನಿಂದ ಬೀಳುವುದು ನಿಜ, ಆದರೆ ಆ ನಮೂನೆ ಬಿದ್ದ ಮೇಲಿನದು. ಜ್ವರದ ಮಾತೇ ಇಲ್ಲ. ಚಿರತೆ ಯಾವಾಗ ಬರುತ್ತದೋ ತಿಳಿಯದು, ಕಬ್ಬಿನಲ್ಲಿ ಅಡಗಿರಬಹುದು, ಜನ ಹತ್ತಿರ ಹೋಗಬಾರದು. ಎಲ್ಲ ಕೂಡಿಬಂತು. 'ಚಿರತೆ' ಇದ್ದಲ್ಲೆಲ್ಲ ಹೊಡೆದುಹಾಕಿ 'ಬಾಹ್ಯಾಕಾಶ ತುಂಡು' ಎಂದು ಬರೆದರು. ಉಳಿದದ್ದನ್ನು ಮುಟ್ಟಲಿಲ್ಲ. ಸರ್ಕಾರಿ ವಾಕ್ಯಗಳನ್ನು ತಾವಾಗಿ ತಿದ್ದಿ ಅವರಿಗೆ ಅಭ್ಯಾಸವಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಮೈಕು ಕಟ್ಟಿದ ಆಟೋ ಪೂರಿಗಾಲಿಯ ಬೀದಿಗಳಲ್ಲಿ ಸುತ್ತಿತು.

"ಸಾರ್ವಜನಿಕರ ಗಮನಕ್ಕೆ! ಗ್ರಾಮದ ಆಸುಪಾಸಿನಲ್ಲಿ ಬಾಹ್ಯಾಕಾಶ ತುಂಡು ಸಂಚರಿಸುತ್ತಿರುವ ಮಾಹಿತಿ ಇದೆ. ಸಂಜೆ ಆರರ ನಂತರ ಒಂಟಿಯಾಗಿ ಓಡಾಡಬಾರದು. ಕೈಯಲ್ಲಿ ಕೋಲು, ಟಾರ್ಚು ಹಿಡಿದು ಜೋರಾಗಿ ಶಬ್ದ ಮಾಡುತ್ತ ನಡೆಯಬೇಕು. ನಾಯಿ, ಕುರಿ, ಮೇಕೆಗಳನ್ನು ಒಳಗೆ ಕಟ್ಟಬೇಕು. ಬಾಹ್ಯಾಕಾಶ ತುಂಡು ಮರಿಗಳೊಂದಿಗೆ ಕಂಡುಬಂದಲ್ಲಿ ಕೆಣಕಬಾರದು. ಮುಂದಿನ ಆದೇಶದವರೆಗೆ ಕಬ್ಬು ಕಟಾವು ನಿಲ್ಲಿಸತಕ್ಕದ್ದು!"

ಆಟೋ ಹಿಂದೆಯೇ ಟ್ರೇಲರಿನ ಮೇಲೆ ಕಬ್ಬಿಣದ ಬೋನು ಬಂತು. ನಮೂನೆಯ ಎರಡನೇ ಷರತ್ತು: ಬೋನು ಇಡತಕ್ಕದ್ದು. ತಜ್ಞರ ಜಮೀನೇ ಸರಿಯಾದ ಜಾಗವೆಂದು ದೊಡ್ಡಸಿದ್ದಯ್ಯ ಖುದ್ದಾಗಿ ಜೀಪಿನಲ್ಲಿ ಬಂದು ತೋರಿಸಿದರು. ಟ್ರೇಲರು ಗದ್ದೆಯ ಬಾಯಿಗಿಂತ ಮುಂದೆ ಹೋಗಲಾರದು ಎಂದಿತು. ಎಂಟು ಜನ ಸೇರಿ ಬೋನನ್ನು ಅಲ್ಲೇ, ಗಾಡಿ ಓಡಾಡಲು ಇದ್ದ ಒಂದೇ ದಾರಿಗೆ ಅಡ್ಡಲಾಗಿ ಇಳಿಸಿದರು.

ಮರಿಸಿದ್ದಯ್ಯ ಬೋನನ್ನು ಒಂದು ಸುತ್ತು ಹಾಕಿ ಬಂದ. "ಸ್ವಾಮಿ, ಆಕಾಸದಿಂದ ಬೀಳೋದು ಇದ್ರೊಳಕ್ಕೆ ಎಂಗ್ ಬತ್ತದೆ?"

"ಮೇಲುಗಡೆ ಎರಡು ಕಂಬಿ ಕಿತ್ತೋಗವೆ ನೋಡಿ ಯಜಮಾನ್ರೇ. ಆ ಕಡೆಯಿಂದ ಬರಬಹುದು."

"ಒಳ್ಗೆ ನಾಯಿ ಯಾಕೆ ಕಟ್ತಿದ್ದೀರಿ?"

"ಷರತ್ತು ಮೂರು."

"ಇದು ಇಲ್ಲಿದ್ರೆ ನನ್ ಕಬ್ಬು ಈಚೆಗೆ ಎಂಗ್ ಬತ್ತದೆ?"

"ಕಬ್ಬು ಕಡಿಯೋ ಹಾಗೇ ಇಲ್ವಲ್ಲ. ಷರತ್ತು ಏಳು" ಎಂದು ದೊಡ್ಡಸಿದ್ದಯ್ಯ ಬೋನಿನ ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಇಳಿಸಿದರು.

ಗ್ಯಾಂಗಿನವರು ಬದುವಿನ ಮೇಲೆ ನಿಂತು ಆಕಾಶ ನೋಡುತ್ತಿದ್ದರು. ಚಿಕ್ಕಮಾದು ಮಚ್ಚನ್ನು ಗೋಣಿಚೀಲಕ್ಕೆ ಸುತ್ತಿದ. "ಚಿರತೆ ಆದ್ರೆ ಮಚ್ಚು ತೋರ್ಸಿ ನಿಂತ್ಕಬೋದು ಅಣ್ಣ. ಮೇಲಿಂದ ಬೀಳೋದ್ಕೆ ಏನ್ ತೋರ್ಸನ?"

"ಇನ್ನೆರಡು ದಿನದ ಕೆಲ್ಸ ಕಣಪ್ಪ ಚಿಕ್ಕಮಾದು."

"ನಾನೂ ಅದ್ನೇ ಅಂತೀನಿ. ನಾಡಿದ್ದು ಸುಕ್ರವಾರ ಬೆಳುಗ್ಗೆ ಆರ್ಗಂಟೆಗಂಟ ಕಾಯ್ತೀನಿ. ಬೋನು ಎತ್ಸಿ, ಕಾಗ್ದ ತೋರ್ಸು. ಸನಿವಾರ ಮದ್ಯಾನದೊಳ್ಗೆ ಮೂವತ್ತು ಟನ್ನಾರ ಉಳ್ಸಿಕೊಡ್ತೀನಿ. ತೋರ್ಸ್ದಿದ್ರೆ ಮದ್ದೂರ್ ಕಡೆ ಓಯ್ತೀವಿ. ಅಲ್ಲೊಬ್ರು ಕರ್ದವ್ರೆ."

ಅಂದು ಸಂಜೆ ಪೂರಿಗಾಲಿ ಕಾನೂನನ್ನು ಅಕ್ಷರಶಃ ಪಾಲಿಸಿತು. ಕೋಲು, ಟಾರ್ಚು ಹಿಡಿದು, ಮೇಲೆ ನೋಡುತ್ತ, ಕೂಗುತ್ತ ಗುಂಪಾಗಿ ನಡೆದ ಆರು ಜನ ಗುಂಪಾಗಿಯೇ ಚರಂಡಿಗೆ ಬಿದ್ದರು. ಹೆಂಚಿನ ಮನೆಯವರು ಮಂಚವನ್ನು ಹುಣಸೆಮರದ ಕೆಳಗೆ ಹಾಕಿದರು. ಹುಣಸೆಮರದ ಕೆಳಗೆ ಮಲಗುತ್ತಿದ್ದವರು ಹೆಂಚಿನ ಮನೆಯೊಳಗೆ ಜಾಗ ಕೇಳಿದರು. ಒಬ್ಬರು ಹೆಲ್ಮೆಟ್ಟು ಹಾಕಿಕೊಂಡೇ ಮುದ್ದೆ ಉಂಡರು. ತುಂಡಿನ ಮರಿ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಲು ಮೂರು ಜನ ಸಿದ್ದೇಶನ ಮನೆಗೆ ಬಂದರು. ಸಿದ್ದೇಶ ಮಾಳಿಗೆಯ ಮೇಲಿದ್ದ. ಪ್ರಿನ್ಸಿಪಾಲರು ಫೋನು ಮಾಡಿ ಇವತ್ತಿನ ಲೆಕ್ಕ ಕೇಳಿದ್ದರು.

ಗುರುವಾರ ಬೆಳಗ್ಗೆ ಅಪ್ಪ ಮಗ ಇಬ್ಬರೂ ಬೈಕಿನಲ್ಲಿ ಮಳವಳ್ಳಿಗೆ ಹೋದರು. ದೊಡ್ಡಸಿದ್ದಯ್ಯ ನಮೂನೆಯನ್ನು ತಿರುವಿ ಹಾಕಿದರು. "ಬೋನು ಎತ್ತೋಕೆ ಎರಡೇ ದಾರಿ. ಒಂದು, ಸೆರೆ ಸಿಗಬೇಕು. ಇಲ್ಲ, ಹದಿನೈದು ದಿನ ಎಲ್ಲೂ ಕಾಣಿಸ್ಕೋಬಾರ್ದು."

"ನಮ್ಮೂರಲ್ಲಿ ಯಾರ್ಗೂ ಕಂಡಿಲ್ಲ ಸ್ವಾಮಿ."

"ನಿಮ್ಮ ಮಗನಿಗೇ ಕಂಡಿದೆಯಲ್ಲ. ಇವತ್ತಿನ ಪೇಪರ್ ನೋಡಿ. ನಿನ್ನೆ ಸಂಜೆ ಇನ್ನೂ ನೂರ ತೊಂಬತ್ತು."

ಮರಿಸಿದ್ದಯ್ಯ ಮಗನ ಕಡೆ ತಿರುಗಿದ. "ಲೇ, ನೆನ್ನೇನೂ ಎಣ್ಸುದಾ?"

"ಪ್ರಿನ್ಸಿಪಾಲ್ರು ಕೇಳುದ್ರಪ್ಪ."

"ಈಗ ನಾನು ಕ್ಯೋಳ್ತೀನಿ. ಸೊನ್ನೆ ಅಂತ ಮಾಡು."

"ಅಂಗೆಲ್ಲ ಮಾಡಕ್ಕಾಗಲ್ಲಪ್ಪ. ಅದು ವಿಜ್ಞಾನ."

"ಇದು ಕಬ್ಬು ಕಣ್ಲಾ!"

ದೊಡ್ಡಸಿದ್ದಯ್ಯ ಕೆಟ್ಟವರಲ್ಲ, ಅವರ ಮಾವನ ಮನೆಯಲ್ಲೂ ಕಬ್ಬಿತ್ತು. ಸ್ವಲ್ಪ ಯೋಚಿಸಿ ಹೇಳಿದರು: "ಗ್ರಾಮ ಆಡಳಿತ ಅಧಿಕಾರಿ ಶೋಭಿತಾ ಮೇಡಂನ ಸ್ಥಳಕ್ಕೆ ಕಳಿಸ್ತೀನಿ. ಅವರು ಮಹಜರು ಮಾಡಲಿ. ತುಂಡು ಇಲ್ಲ ಅಂತ, ಕಣ್ಣಾರೆ ಚಿತ್ರ ನೋಡಿದ ಐದು ಜನ ಬಾಯಲ್ಲಿ ಹೇಳಿ ಸಹಿ ಹಾಕಬೇಕು. ಮೊಬೈಲಲ್ಲಿ ವಿಡಿಯೋ ಆಗಬೇಕು. ಸಂಜೆ ಏಳರೊಳಗೆ ನನ್ನ ಫೋನಿಗೆ ಬಂದರೆ ಆಗಲೇ ಆದೇಶ ಕಳಿಸ್ತೀನಿ, ಬೆಳಗ್ಗೆ ಆರಕ್ಕೆ ಬೋನು ಎತ್ತಿಸ್ತೀನಿ. ಏಳಾದ ಮೇಲೆ ನಾನು ಫೋನು ಆರಿಸ್ತೀನಿ. ಶುಗರ್ ಇದೆ, ಊಟ ಮಾಡಿ ಮಲಗಬೇಕು."

ಶೋಭಿತಾಗೆ ಅಂದು ಬೇರೆ ಊರಿನಲ್ಲಿ ಬೆಳೆ ಸಮೀಕ್ಷೆ. ಮರಿಸಿದ್ದಯ್ಯ ನಾಲ್ಕರಿಂದ ಊರ ಮುಂದಿನ ರಸ್ತೆಯಲ್ಲಿ ನಿಂತಿದ್ದ. ಸ್ಕೂಟರು ಬಂದಾಗ ಆರಕ್ಕೆ ಹದಿನೈದು ನಿಮಿಷವಿತ್ತು. ಆಕೆ ಹೆಲ್ಮೆಟ್ಟನ್ನು ಕನ್ನಡಿಗೆ ಸಿಕ್ಕಿಸಿ ನೇರ ಜಗಲಿಗೆ ಬಂದಳು. ಊರು ಸುತ್ತ ನಿಂತಿತು.

"ಎಲ್ಲಿ ಸಾರ್, ನಿಮ್ಮ ಪ್ರೋಗ್ರಾಂ ತೋರಿಸಿ. ಈ ಗೋಡೆ ಫೋಟೋ ತೆಗೀರಿ."

"ಗೋಡೆ ಯಾಕೆ ಮೇಡಂ? ಇದು ಆಕಾಶಕ್ಕೆ ಮಾಡಿರೋದು."

"ತೆಗೀರಿ. ಗೋಡೇಲಿ ಇಲ್ಲ ಅಂತ ಬರಬೇಕು ತಾನೆ?"

ಸಿದ್ದೇಶ ತೆಗೆದ. ಪರದೆಯ ಮೇಲೆ ಬಂತು: ಕಸ ಇದೆ, ಶೇಕಡ ತೊಂಬತ್ತೊಂಬತ್ತು.

"ಆ ಬೀದಿನಾಯಿ ತೆಗೀರಿ." ನಾಯಿಯಲ್ಲೂ ಇತ್ತು. "ಆ ಬಿಂದಿಗೆ?" ಇತ್ತು. ಶೋಭಿತಾ ಅಂಗೈಯಿಂದ ಕ್ಯಾಮೆರಾ ಮುಚ್ಚಿದಳು. ಇತ್ತು. ಕೊನೆಗೆ ಮೊಬೈಲನ್ನು ತಾನೇ ತೆಗೆದುಕೊಂಡು ಮರಿಸಿದ್ದಯ್ಯನ ಮುಖಕ್ಕೆ ಹಿಡಿದಳು.

"ನಿಮ್ಮ ತಂದೆಯವರ ಮುಖದಲ್ಲೂ ಬಾಹ್ಯಾಕಾಶದ ಕಸ ಇದೆಯಂತೆ ಸಾರ್. ಇದಕ್ಕೆ 'ಇಲ್ಲ' ಅನ್ನೋದನ್ನ ಯಾರೂ ಕಲಿಸಿಲ್ವಾ?"

ಸಿದ್ದೇಶ ಆಗ ಮೊದಲ ಬಾರಿಗೆ ಗುರುತುಗಳ ಪಟ್ಟಿ ತೆರೆದ. ಇದೆ, ಇದೆ, ಇದೆ, ಇದೆ. ಬೆರಳು ನೋಯುವವರೆಗೆ ಕೆಳಗೆ ಜಾರಿಸಿದ. ಇದೆ. "ಅವ್ವ, ಇದೇನವ್ವ ಇದು?"

ಚಿಕ್ಕಮಾದಮ್ಮನಿಗೆ ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣಲಿಲ್ಲ. "ದೀಪ ಅಚ್ಚಿದ್ ವತ್ತಲ್ವೇನೋ ಮಗ. ಆಗ ಇಲ್ಲ ಅನ್ನಕಾಯ್ತದ? ಬೆಳುಗ್ಗೆ ಕೊಟ್ಟಿದ್ರೆ ಎಷ್ಟು ಬೇಕಾದ್ರೂ ಇಲ್ಲ ಅಂತಿದ್ವಿ. ಬೆಳುಗ್ಗೆ ನೀನು ಬಸ್ಸು ಇಡ್ಕಂಡು ಓಯ್ತಿದ್ದೆ."

ಊರಿನವರು ನಗಲು ಶುರು ಮಾಡಿದರು. ಹೆಲ್ಮೆಟ್ಟಿನಲ್ಲಿ ಮುದ್ದೆ ಉಂಡಿದ್ದವರು ಅದನ್ನು ತೆಗೆದು ಹಿಂದೆ ಹಿಡಿದುಕೊಂಡರು. ಮರಿಸಿದ್ದಯ್ಯ ನಗಲಿಲ್ಲ, ಬಯ್ಯಲೂ ಇಲ್ಲ. "ಮೇಡಮ್ಮೋರೆ, ವತ್ತೆಷ್ಟು?"

"ಆರೂ ಇಪ್ಪತ್ತು. ಆಯ್ತು, ಎಲ್ಲ ಗೊತ್ತಾಯ್ತಲ್ಲ." ಶೋಭಿತಾ ಮಹಜರು ಬರೆಯತೊಡಗಿದಳು. 'ಪೂರಿಗಾಲಿ ಗ್ರಾಮದಲ್ಲಾಗಲಿ ಅದರ ಮೇಲಾಗಲಿ ಯಾವುದೇ ಬಾಹ್ಯಾಕಾಶ ತುಂಡು ಕಂಡುಬಂದಿರುವುದಿಲ್ಲ.' ಆರೂವರೆಗೆ ಬರೆದು ಮುಗಿಸಿ ಮೊಬೈಲು ಹಿಡಿದಳು. "ಚಿತ್ರ ನೋಡಿದೋರು ನೀವೇ. ಐದು ಜನ ಬನ್ನಿ. ನಾನು ಇದೆಯಾ ಅಂತೀನಿ, ನೀವು ಇಲ್ಲ ಅನ್ನಿ. ಸಹಿ ಹಾಕಿ. ಮುಗೀತು."

ಯಾರೂ ಅಲ್ಲಾಡಲಿಲ್ಲ. ಒಳಗೆ ಗೂಡಿನಲ್ಲಿ ಚಿಕ್ಕಮಾದಮ್ಮ ಆಗಷ್ಟೇ ಹಚ್ಚಿದ್ದ ದೀಪ ಉರಿಯುತ್ತಿತ್ತು.

ಮುದ್ದಮ್ಮ ಸೆರಗು ಬಾಯಿಗೆ ಹಿಡಿದಳು. "ಬೆಳುಗ್ಗೆ ಬಾ ನನ್ ತಾಯಿ. ನೀನು ಸಾಕು ಅನ್ನೋಗಂಟ ಯೋಳ್ತೀವಿ."

"ಬೆಳಗ್ಗೆ ಆಗಲ್ಲಮ್ಮ. ಏಳರೊಳಗೆ ಹೋಗಬೇಕು!"

ಶೋಭಿತಾ ಗಂಡಸರ ಕಡೆ ನೋಡಿದಳು. ಗಂಡಸರು ಒಂದು ಹೆಜ್ಜೆ ಹಿಂದೆ ಸರಿದರು. "ನಾವು ಚಿತ್ರ ಗಿತ್ರ ನೋಡಿಲ್ಲ ಮೇಡಮ್ಮೋರೆ. ಸೈನ್ ಹಾಕಿ ನಾಳೆ ಒಂದು ಬಿತ್ತು ಅನ್ಕಳಿ, ಕೋರ್ಟು ಕಚೇರಿ ತಿರ್ಗೋರು ಯಾರು?"

ಮರಿಸಿದ್ದಯ್ಯ ಹೆಂಗಸರ ಮುಂದೆ ಬಂದು ನಿಂತ. "ಯೋಳ್ರವ್ವ! ಒಂದ್ ಮಾತು! ನನ್ ಕಬ್ಬು ಓಯ್ತದೆ!"

"ಓಯ್ತದೆ ಅಂತ ಈ ವತ್ನಲ್ಲಿ ಬಾಯ್ಬುಟ್ಟು ಅನ್ಬ್ಯಾಡ ಮರಿಸಿದ್ದ!" ಮುದ್ದಮ್ಮ ಗದರಿದಳು. "ಬುಡ್ತು ಅನ್ನು!"

"ಬುಡ್ತು" ಎಂದ ಮರಿಸಿದ್ದಯ್ಯ.

ಆರೂ ನಲವತ್ತು. ಸಿದ್ದೇಶನ ಫೋನು ಹೊಡೆದುಕೊಂಡಿತು. ಎತ್ತುವಾಗ ಸ್ಪೀಕರು ಒತ್ತಿಹೋಯಿತು.

"ಸಿದ್ದೇಶ್, ಇವತ್ತು ಎಷ್ಟು?" ರಘುನಂದನ್ ದನಿ ಜಗಲಿಯ ತುಂಬ ಕೇಳಿಸಿತು. "ಪೇಪರ್‌ನೋರು ಕಾಯ್ತಿದಾರೆ. ಶನಿವಾರ ಕಮಿಟಿ. ಹೆಚ್ಚುಕಡಿಮೆ ನಿಮ್ಮದೇ ಅಂತ ಇಟ್ಕೊಳ್ಳಿ. ಎಷ್ಟು?"

ಸಿದ್ದೇಶ ಅಪ್ಪನನ್ನು ನೋಡಿದ. ಅಪ್ಪ ಶೋಭಿತಾಳ ಗಡಿಯಾರ ನೋಡುತ್ತಿದ್ದ.

"ಇಲ್ಲ ಸಾರ್."

ಮುದ್ದಮ್ಮ ಕಿವಿ ಮುಚ್ಚಿಕೊಂಡಳು.

"ಏನಿಲ್ಲ?"

"ಕಸ ಇಲ್ಲ ಸಾರ್. ಇವತ್ತೂ ಇಲ್ಲ, ಮೊನ್ನೆನೂ ಇರಲಿಲ್ಲ. ಒಂದೂ ಇಲ್ಲ. ನನ್ನ ಪ್ರೋಗ್ರಾಂ ತಪ್ಪು."

"ಯೋಚನೆ ಮಾಡಿ ಮಾತಾಡಿ ಸಿದ್ದೇಶ್. ಪೋಸ್ಟ್ ಬೇಡ್ವಾ?"

"ಒಂದೂ ಇಲ್ಲ ಸಾರ್."

ಫೋನು ಕಟ್ಟಾಯಿತು. "ಇವ್ನು ಯೋಳುದ್ನಲ್ಲ ಮೇಡಮ್ಮೋರೆ, ಆಗಾಕಿಲ್ವ?" ಮರಿಸಿದ್ದಯ್ಯ ಕೇಳಿದ.

"ಇವರು ಆರೋಪಿ ಜಾಗದಲ್ಲಿದ್ದಾರೆ ಯಜಮಾನ್ರೇ. ಸಾಕ್ಷಿ ಆಗಲ್ಲ. ಐದು ಜನ ಬೇಕು."

ಚಿಕ್ಕಮಾದಮ್ಮ ಎದ್ದಳು. ಸೆರಗು ಸರಿಮಾಡಿಕೊಂಡು, ದೀಪಕ್ಕೆ ಬೆನ್ನು ಹಾಕಿ ಮೊಬೈಲಿನ ಮುಂದೆ ನಿಂತಳು. "ಇಲ್ಲ" ಎಂದಳು. ಮನೆಗೆ ಬಂದ ಮೂವತ್ತೊಂದು ವರ್ಷದಲ್ಲಿ ಆ ಹೊತ್ತಿನಲ್ಲಿ ಅವಳ ಬಾಯಿಂದ ಆ ಪದ ಬಂದದ್ದು ಅದೇ ಮೊದಲು. ಹೇಳಿ ಸಹಿ ಹಾಕಿ, ಉಳಿದವರ ಕಡೆ ತಿರುಗಿದಳು. "ನನ್ ಮನೇದು ನಾನು ಯೋಳಿವ್ನಿ. ನಿಮ್ ಮನೇದು ನಿಮ್ಗೆ ಬುಟ್ಟಿದ್ದು."

ಹತ್ತು ಜನ ತಲೆ ಬಗ್ಗಿಸಿದರು. ಅವರಿಗೂ ಮನೆ ಇತ್ತು, ಮಕ್ಕಳಿದ್ದರು, ಒಬ್ಬಳ ಸೊಸೆ ಬಸುರಿಯಾಗಿದ್ದಳು. ಕೊನೆಗೆ ಮುದ್ದಮ್ಮ ರಾಜಿ ಸೂತ್ರ ಮಂಡಿಸಿದಳು. ದೀಪ ಹಚ್ಚಿದ ಹೊತ್ತು ಎಂದರೆ ಊಟಕ್ಕೆ ಕೂರುವವರೆಗೆ. ಊಟಕ್ಕೆ ಕುಳಿತ ಮೇಲೆ ಸಾರು ಇಲ್ಲ ಎಂದರೂ ದೋಷವಿಲ್ಲ. ಹಾಗಾಗಿ ನಾಲ್ಕು ಜನ ಓಡಿಹೋಗಿ ಒಂದು ತುತ್ತು ತಿಂದು ಬರುತ್ತಾರೆ.

ಓಡಿದರು. ಮೂರು ಮನೆಯಲ್ಲಿ ಮುದ್ದೆ ಇನ್ನೂ ತೊಳಸಿರಲಿಲ್ಲ. ಬೇಗ ಬೇಗ ಎಂದು ಮರಿಸಿದ್ದಯ್ಯ ಮನೆ ಮನೆಯ ಬಾಗಿಲಿಗೂ ಹೋಗಿ ನಿಂತ. ಹಸಿಹಿಟ್ಟು ನುಂಗಲಾಗುವುದಿಲ್ಲವೆಂದು ಒಳಗಿನಿಂದ ಉತ್ತರ ಬಂತು. ನಾಲ್ವರೂ ಬಾಯಿ ಒರೆಸಿಕೊಂಡು ಬಂದು ಒಬ್ಬರಾದ ಮೇಲೊಬ್ಬರು "ಇಲ್ಲ" ಎಂದಾಗ ಏಳು ಗಂಟೆ ಹನ್ನೆರಡು ನಿಮಿಷ. ಶೋಭಿತಾ ಕಳಿಸಿದಳು. ಒಂದು ಟಿಕ್ಕು ಬಿತ್ತು. ಎರಡನೆಯದು ಬೀಳಲಿಲ್ಲ. ಫೋನು ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂದಿತು.

ಶುಕ್ರವಾರ ಬೆಳಗ್ಗೆ ಆರಕ್ಕೆ ಲಾರಿ ಬಂದು ಗದ್ದೆಯ ಬಾಯಲ್ಲಿ ನಿಂತಿತು. ಮೇಲೆ ಗ್ಯಾಂಗಿನ ಪಾತ್ರೆ, ಚಾಪೆ, ಹದಿನೆಂಟು ಜನ. ಚಿಕ್ಕಮಾದು ಕೆಳಗಿಳಿದ. ಬೋನು ಇದ್ದಲ್ಲೇ ಇತ್ತು. ಒಳಗಿನ ನಾಯಿ ಎದ್ದು ಬಾಲ ಅಲ್ಲಾಡಿಸಿತು.

"ಕಾಗ್ದ ಎಲ್ಲಣ್ಣ?"

"ಬತ್ತಾ ಅದೆ. ಎಲ್ಲಾ ಸುಳ್ಳು ಅಂತ ಆಯ್ತಲ್ಲಪ್ಪ, ಊರ್ಗೆಲ್ಲ ಗೊತ್ತು. ಪಕ್ಕದಲ್ಲಿ ತೂರ್ಕಂಡು ಓಗಿ ಕಡೀರಿ."

"ಕಡೀತೀವಿ. ಕಡ್ದುದ್ನ ಸಾಗ್ಸೋದು ಎಂಗೆ? ಟ್ರ್ಯಾಕ್ಟರು ತೂರ್ತದಾ?"

ಮರಿಸಿದ್ದಯ್ಯ, ಸಿದ್ದೇಶ, ಇನ್ನೂ ಆರು ಜನ ಬೋನಿಗೆ ಹೆಗಲು ಕೊಟ್ಟರು. ಮೊನ್ನೆ ಇಳಿಸಿದ್ದೂ ಎಂಟೇ ಜನ. ಆದರೆ ಇಳಿಸುವಾಗ ಒಣಗಿದ್ದ ನೆಲಕ್ಕೆ ನಿನ್ನೆ ನಾಲೆಯ ನೀರು ಹಾದು ಬೋನು ಗೇಣುದ್ದ ಕೂತಿತ್ತು. ಎರಡು ಬೆರಳು ಮೇಲೆ ಬಂತು, ಮತ್ತೆ ಕೂತಿತು. ಗ್ಯಾಂಗಿನ ನಾಲ್ಕು ಜನ ಇಳಿದು ಬಂದು ಕೈ ಹಾಕಿದರು. ಅಷ್ಟರಲ್ಲಿ ಯಾರೋ, ಸರ್ಕಾರಿ ಸಾಮಾನು ಕಣ್ರಪ್ಪ, ಕಂಬಿ ಬಗ್ಗಿದರೆ ಕೇಸು ಎಂದರು. ನಾಲ್ಕೂ ಜನ ಕೈ ತೆಗೆದರು.

ಆರೂ ಮುಕ್ಕಾಲಿಗೆ ಚಿಕ್ಕಮಾದು ಲಾರಿ ಹತ್ತಿದ. "ನನ್ ಮ್ಯಾಲೆ ಬೇಜಾರ್ ಮಾಡ್ಕಬ್ಯಾಡ ಅಣ್ಣ. ಅಲ್ಲಿಯೋರ್ಗೂ ನಾಳೆ ಮದ್ಯಾನವೇ ಗಡು."

ಹನ್ನೊಂದು ಗಂಟೆಗೆ ಜೀಪು, ಅದರ ಹಿಂದೆ ಕ್ರೇನು ಬಂತು. ದೊಡ್ಡಸಿದ್ದಯ್ಯ ಬೆಳಗ್ಗೆಯೇ ವಿಡಿಯೋ ನೋಡಿ, ಆದೇಶ ಟೈಪು ಮಾಡಿಸಿ, ಸಹಿ ಮಾಡಬೇಕಾದವರನ್ನು ಹುಡುಕಿ ಸಹಿ ಮಾಡಿಸಿಕೊಂಡು ಬಂದಿದ್ದರು. ಅವರ ಮಟ್ಟಿಗೆ ಅದು ವೇಗವೇ. ಕ್ರೇನು ಬೋನನ್ನು ಎತ್ತಿತು, ದೊಡ್ಡಸಿದ್ದಯ್ಯ ಬೀಗ ತೆಗೆದರು. ನಾಯಿ ಇಳಿದು ಮನೆಗೆ ಹೋಯಿತು. ಬೇರೆ ಗ್ಯಾಂಗಿಗಾಗಿ ಮರಿಸಿದ್ದಯ್ಯ ಮೂವತ್ತು ಕಡೆ ಫೋನು ಮಾಡಿದ. ಕಾರ್ಖಾನೆ ನಿಲ್ಲುವ ಹಿಂದಿನ ದಿನ ಮಂಡ್ಯ ಜಿಲ್ಲೆಯಲ್ಲಿ ಖಾಲಿ ಕೂತ ಮಚ್ಚು ಒಂದೂ ಇರಲಿಲ್ಲ. ಮನೆಯ ಮೂವರೇ ಇಳಿದು ಕತ್ತಲಾಗುವವರೆಗೆ ಕಡಿದರು. ಕಡಿದದ್ದು ಟ್ರ್ಯಾಕ್ಟರಿನ ಕಾಲು ಭಾಗವೂ ಆಗಲಿಲ್ಲ. ಅಷ್ಟಕ್ಕೆ ಯಾರೂ ಗಾಡಿ ಕಟ್ಟಲಿಲ್ಲ.

ಶನಿವಾರ ಮಧ್ಯಾಹ್ನ ಕಾರ್ಖಾನೆ ನಿಂತಿತು. ಅದೇ ಮಧ್ಯಾಹ್ನ ಕಮಿಟಿ ಕೂತು ಖಾಯಂ ಪೋಸ್ಟನ್ನು ಟೊಮೆಟೊ ರೋಗದವನಿಗೆ ಕೊಟ್ಟಿತು. ಮುಂದಿನ ವಾರ ಆಲೆಮನೆಯವರು ಬಂದು ಒಂದು ಜಲ್ಲೆ ಮುರಿದು ಅಗಿದು ಉಗಿದರು. ಬೆಂಡಾಗಿದೆ, ಬೆಲ್ಲ ಕಟ್ಟುವುದಿಲ್ಲ ಎಂದು ಹೋದರು. ದೊಡ್ಡಸಿದ್ದಯ್ಯನವರ ಅಂತಿಮ ವರದಿಯಲ್ಲಿ ಹಾನಿ ಎಂಬ ಅಂಕಣದ ಮುಂದೆ ಅಡ್ಡಗೆರೆ ಇತ್ತು. ಪೂರಿಗಾಲಿಯ ಮರಿಸಿದ್ದಯ್ಯನ ಒಂದೂವರೆ ಎಕರೆಯ ಅರವತ್ತು ಟನ್ನಿನಲ್ಲಿ ಕಾರ್ಖಾನೆ ಸೇರಿದ್ದು ಹನ್ನೊಂದು. ಹೋದದ್ದು ನಲವತ್ತೊಂಬತ್ತು.